ಲಿಫ್ಟಿನ ಕತೆ ಚೆಂದ, ಬಸ್ಸು ಇನ್ನೂ ಚೆಂದ

ಚೌತಿ ರಜೆಗೆ ನಾನು ಮಂಗಳೂರಿಂದ ಕುಮಟಾಕ್ಕೆ ಹಿಚ್‌ಹೈಕ್ ಮಾಡ್ಕೊಂಡು ಹೋದೆ ಅನ್ನೋ ಸುದ್ದಿ ಹಾಸ್ಟೆಲ್‌ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಓಡಾಡ್ತಿದೆ. ಮೊನ್ನೆ ಮೆಸ್‌ನಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ಬಂದು, "ಅಣ್ಣಾ, ಟಿಪ್ಸ್ ಕೊಡಿ, ದೀಪಾವಳಿಗೆ ನಾವೂ ಟ್ರೈ ಮಾಡ್ತೀವಿ" ಅಂದ. ಟಿಪ್ಸ್ ಕೊಡೋಕೆ ಅಡ್ಡಿಲ್ಲ. ಆದರೆ ಆ ಕತೆ ಹೇಳುವಾಗಲೆಲ್ಲ ನಾನು ಒಂದು ಭಾಗವನ್ನು ನುಂಗಿಬಿಟ್ಟಿದ್ದೇನೆ. ಇಲ್ಲಿ ಅದನ್ನೂ ಸೇರಿಸಿ ಬರೀತೀನಿ. (ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ನಾನು. ಒತ್ತಕ್ಷರ ತಪ್ಪಿದ್ದರೆ ಬೈಬೇಡಿ.)

ಆವತ್ತು ಶನಿವಾರ. ಇಂಟರ್ನಲ್ಸ್ ಮುಗಿದಾಗ ಮಧ್ಯಾಹ್ನ ಹನ್ನೆರಡೂವರೆ. ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲೇ ಕೂತಿತ್ತು. ನೇರ ಬಸ್ಸಿನ ಸೀಟೆಲ್ಲ ಯಾವಾಗಲೋ ಬುಕ್ ಆಗಿದ್ದವು. ಬ್ಯಾಂಕಾಕ್, ಕೌಲಾಲಂಪುರದ ರಸ್ತೆ ಬದಿಯಲ್ಲಿ ಬ್ಯಾಗ್ ಹಾಕ್ಕೊಂಡು ಹೆಬ್ಬೆರಳು ಎತ್ತಿ ನಿಲ್ಲೋರ ವಿಡಿಯೋ ನೋಡಿ ನೋಡಿ ನನಗೂ ಹುಕಿ ಬಂದಿತ್ತು. ಹೋಗಿ ಪಿವಿಎಸ್ ಸರ್ಕಲ್ ಹತ್ತಿರ ನಿಂತೆ. ಮುಕ್ಕಾಲು ಗಂಟೆ ಒಬ್ಬರೂ ನಿಲ್ಲಿಸಲಿಲ್ಲ. ಕೊನೆಗೊಂದು ಆಟೋ ನಿಂತಿತು. "ಓಡೆಗ್?" ಅಂದರು. "ಕುಮಟಾ" ಅಂದೆ. ನಕ್ಕು ಹೊರಟೇ ಹೋದರು.

ತಪ್ಪು ನಂದೇ. ದೊಡ್ಡ ಊರಿಂದ ಲಿಫ್ಟ್ ಕೇಳಿ ಹೊರಡೋರಿಗೆ ಎಲ್ಲ ಕಡೆ ಒಂದೇ ನಿಯಮ: ಊರೊಳಗೆ ಕೈ ಎತ್ತಬೇಡ, ಲೋಕಲ್ ಬಸ್ಸೋ ರೈಲೋ ಹಿಡಿದು ಮೊದಲು ಊರಾಚೆ ಹೋಗು. ಯಾಕಂದ್ರೆ ಊರೊಳಗಿನ ಹತ್ತು ಗಾಡಿಯಲ್ಲಿ ಒಂಬತ್ತು ಮುಂದಿನ ಸಿಗ್ನಲ್‌ನಲ್ಲಿ ತಿರುಗಿಬಿಡ್ತಾವೆ. ಉಳಿದ ಒಂದಕ್ಕೆ ನಿಲ್ಲೋಕೆ ಜಾಗ ಇರಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ ಯಾರಿಗೋ ಲೈಕ್ ಕೊಡ್ತಿದ್ದಾನೆ ಅಂದ್ಕೋತಾರೆ. ಅಂಗೈ ಕೆಳಗೆ ಮಾಡಿ ಕೈ ಅಡ್ಡ ಹಿಡಿಯಬೇಕು.

ಸರಿ ಅಂತ ಸಿಟಿ ಬಸ್ ಹತ್ತಿದೆ. ಲಾಲ್‌ಬಾಗ್, ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು ದಾಟಿ ಸುರತ್ಕಲ್‌ನಲ್ಲಿ ಇಳಿದೆ. ಅಲ್ಲಿಂದ ಕೈ ಅಡ್ಡ ಹಿಡಿಯೋಣ ಅಂತಿದ್ದಾಗಲೇ ಉಡುಪಿ ಎಕ್ಸ್‌ಪ್ರೆಸ್ ಬಂತು, ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು "ಉಡುಪಿ ಉಡುಪಿ ಉಡುಪಿ" ಅಂತ ಕೂಗಿದರು, ನಾನು ಹತ್ತಿಬಿಟ್ಟೆ. ಉಡುಪಿಯಲ್ಲಿ ಇಳಿದರೆ ಎದುರಿಗೇ ಕುಂದಾಪುರದ ಬಸ್ಸು. ಕುಂದಾಪುರದಿಂದ ಭಟ್ಕಳದ ಬಸ್ಸು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಕಿಟಕಿ ಪಕ್ಕದ ಸೀಟು. ಬೈಂದೂರು, ಶಿರೂರು ಟೋಲ್ ಕಳೆದು ಭಟ್ಕಳ ಮುಟ್ಟಿದಾಗ ಸಂಜೆ ಆರೂಕಾಲು, ಜಡಿಮಳೆ.

ಇದೇ ನಾನು ನುಂಗಿದ ಭಾಗ. ಮಂಗಳೂರಿಂದ ಕುಮಟಾಕ್ಕೆ ಸುಮಾರು 200 ಕಿಲೋಮೀಟರ್. ಅದರಲ್ಲಿ 140ರಷ್ಟು ನಾನು ಹೋಗಿದ್ದು ಟಿಕೆಟ್ ತಗೊಂಡು, ಬಸ್ಸಲ್ಲಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಈ ಹೆದ್ದಾರಿ ಮೇಲೆ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಓಡ್ತಾವೆ. ಲಿಫ್ಟ್ ಬೇಕು ಅಂತ ಅನಿಸೋದೇ ಇಲ್ಲ. ನನ್ನ 'ಹಿಚ್‌ಹೈಕ್' ಶುರುವಾಗಿದ್ದು ಆ ಬಸ್ಸುಗಳು ವಾಪಸ್ ತಿರುಗುವ ಜಾಗದಲ್ಲಿ. ಭಟ್ಕಳದಿಂದ ಆಚೆ ಸರ್ಕಾರಿ ಬಸ್ಸು, ಇಲ್ಲಾಂದ್ರೆ ಟೆಂಪೋ. ಮಾಮೂಲಿ ದಿನ ಹಗಲಲ್ಲಿ ತೊಂದರೆ ಇಲ್ಲ, ಟೆಂಪೋದವರು ಕೈ ಮಾಡಿದಲ್ಲಿ ನಿಲ್ಲಿಸ್ತಾರೆ, ಮೀನು ಬುಟ್ಟಿಗೂ ಜಾಗ ಮಾಡ್ತಾರೆ. ಆದರೆ ಹಬ್ಬದ ಹಿಂದಿನ ಸಂಜೆ ಅಲ್ಲಿ ನಿಂತು ನೋಡಿ. ಮೂರು ಬಸ್ಸು ಬಂದವು, ಮೂರರಲ್ಲೂ ಫುಟ್‌ಬೋರ್ಡಿಗೇ ಜಾಗ ಇರಲಿಲ್ಲ.

ನಾನು ನಡ್ಕೊಂಡು ಶಂಸುದ್ದೀನ್ ಸರ್ಕಲ್‌ಗೆ ಬಂದೆ. ಯಾಕೆ ಸರ್ಕಲ್‌ಗೇ ಬಂದೆ ಅಂದ್ರೆ, ನಾವು ಎಂಜಿನಿಯರ್‌ಗಳಲ್ಲವಾ, ಲೆಕ್ಕ ಹಾಕಿದೆ. ಹೆದ್ದಾರಿಯಲ್ಲಿ ಗಾಡಿ 90ರಲ್ಲಿ ಬಂದರೆ ಸೆಕೆಂಡಿಗೆ 25 ಮೀಟರ್. ಡ್ರೈವರ್ ನನ್ನ ನೋಡಿ, ಯೋಚಿಸಿ ಬ್ರೇಕ್ ಮೇಲೆ ಕಾಲಿಡೋಕೆ 2 ಸೆಕೆಂಡ್, ಅಂದರೆ 50 ಮೀಟರ್. ಆಮೇಲೆ ಸೆಕೆಂಡ್ ಸ್ಕ್ವೇರ್‌ಗೆ 5 ಮೀಟರಿನಂತೆ ನಿಧಾನ ಮಾಡಿದರೂ ನಿಲ್ಲೋಕೆ ಇನ್ನೊಂದು 62. ನನ್ನನ್ನ ದಾಟಿ ಎಲ್ಲೋ ಹೋಗಿ ನಿಲ್ಲಬೇಕು, ಅಷ್ಟರಲ್ಲಿ ಅವರ ಮನಸ್ಸು ಬದಲಾಗಿರುತ್ತೆ. ಹಾಗಾಗಿ ವೇಗ ಮೊದಲೇ ಕಮ್ಮಿ ಇರೋ ಕಡೆ ನಿಲ್ಲಬೇಕು: ಸರ್ಕಲ್, ಹಂಪ್, ಟೋಲ್. ಹಳೇ ಎರಡು ಪಥದ ರಸ್ತೆಯಲ್ಲಿ ಗಾಡಿಗಳು ನಿಧಾನ ಇದ್ದವು, ಹತ್ತಿಸ್ಕೊಳ್ಳೋರೂ ಜಾಸ್ತಿ ಇದ್ದರು ಅಂತ ಅಪ್ಪ ಹೇಳ್ತಾರೆ. ನಾಲ್ಕು ಪಥ ಆದಲ್ಲೆಲ್ಲ ನಾವು ಬೇಗ ಹೋಗ್ತೀವಿ, ಆದರೆ ಬದಿಯಲ್ಲಿ ನಿಂತವರು ಕಾಣೋದು ಕಮ್ಮಿ ಆಗಿದೆ.

ಇಪ್ಪತ್ತು ನಿಮಿಷದಲ್ಲಿ ಮೀನಿನ ಖಾಲಿ ಬಾಕ್ಸ್ ತುಂಬಿದ ಪಿಕಪ್ ಒಂದು ನಿಂತಿತು. "ಎಲ್ಲಿಗೆ ತಮಾ?" ಅಂದರು. "ಹೊನ್ನಾವರ ತನಕ ಅಡ್ಡಿಲ್ಲ, ಹತ್ತು." ಮುರುಡೇಶ್ವರದ ಕಮಾನು, ಮಂಕಿ, ಮಳೆಯಲ್ಲಿ ಏನೂ ಕಾಣದ ಶರಾವತಿ ಸೇತುವೆ. ದಾರಿಯುದ್ದ ಅವರು ಮಾತಾಡಿದ್ದು ಅಂಕೋಲಾದ ಶಿರೂರಿನ ಬಗ್ಗೆ (ಟೋಲ್ ಇರೋ ಶಿರೂರು ಬೇರೆ). 2024ರ ಜುಲೈ 16ರಂದು ಅಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು, ಬದಿಯಲ್ಲಿದ್ದ ಚಹಾ ಅಂಗಡಿಯೂ ಅದನ್ನು ನಡೆಸ್ತಿದ್ದ ಕುಟುಂಬವೂ ಹೋಯ್ತಲ್ಲ, ಆ ಅಂಗಡಿಯಲ್ಲಿ ಅವರು ಎಷ್ಟೋ ಸಲ ಚಹಾ ಕುಡಿದಿದ್ದರಂತೆ. "ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡಕ್ಕೆ ಯಾರೇ ಕೈ ಮಾಡ್ಲಿ, ನಾ ನಿಲ್ಲಿಸೂದಿಲ್ಲ. ನೀನೂ ಅಲ್ಲೆಲ್ಲ ನಿಲ್ಬೇಡ" ಅಂದರು. ಇಳಿಯುವಾಗ ನೂರು ರೂಪಾಯಿ ಕೊಡೋಕೆ ಹೋದೆ. ತಗೊಳ್ಳಲಿಲ್ಲ. ಹೊನ್ನಾವರದಿಂದ ಹಳದೀಪುರಕ್ಕೆ ಒಂದು ಬೈಕು, ಅಲ್ಲಿಂದ ಧಾರೇಶ್ವರದ ಮೇಲೆ ಕುಮಟಾಕ್ಕೆ ಒಂದು ಕಾರು. ಗಿಬ್ ಸರ್ಕಲ್‌ನಲ್ಲಿ ಇಳಿದಾಗ ಒಂಬತ್ತೂಕಾಲು.

ಕತೆ ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು, ನಮ್ಮ ಕ್ಲಾಸಿನ ಹೊನ್ನಾವರದ ಹುಡುಗಿ ಒಬ್ಬಳು ಬಾಯಿ ಬಿಡೋ ತನಕ. ಆವತ್ತು ಅವಳೂ ಅದೇ ಭಟ್ಕಳದಲ್ಲಿ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇಳಿದಿದ್ದಳು. ಅವಳು ಸರ್ಕಲ್‌ಗೆ ಹೋಗಲಿಲ್ಲ. ಬ್ಯಾಗ್ ತೊಡೆ ಮೇಲೆ ಇಟ್ಕೊಂಡು ಬಸ್ ಸ್ಟ್ಯಾಂಡಿನಲ್ಲೇ ಕೂತಳು. ಹತ್ತೋಕೆ ಆಗುವಂಥ ಬಸ್ಸು ಸಿಕ್ಕಿದ್ದು ಎಂಟೂವರೆಗೆ. ನನಗಿಂತ 20 ಕಿಲೋಮೀಟರ್ ಹತ್ತಿರದ ಊರಿನವಳು, ಮನೆ ಮುಟ್ಟಿದ್ದು ನನಗಿಂತ ತಡವಾಗಿ. "ನಿಂದು ಅಡ್ವೆಂಚರ್ ಮಾರಾಯ. ಅದನ್ನೇ ನಾನು ಮಾಡಿದ್ರೆ ಮನೇಲಿ ಕಾಲೇಜು ಬಿಡಿಸ್ತಾರೆ" ಅಂದಳು. ಅವಳು ಜೋಕ್ ಮಾಡ್ತಿರಲಿಲ್ಲ.

ಅವತ್ತಿಂದ ನನ್ನ ಅಭಿಪ್ರಾಯ ಇದು: ಲಿಫ್ಟ್ ಕೇಳೋದು ನಾಚಿಕೆ ಅಲ್ಲ, ಕೊಡೋದು ದೊಡ್ಡ ಗುಣ. ಆದರೆ ಅದನ್ನು ಬಸ್ಸಿನ ಬದಲಿ ಅಂತ ತಿಳ್ಕೊಂಡ್ರೆ ಅರ್ಧ ಜನರನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟು ಹೋದ ಹಾಗೆ. ಲಿಫ್ಟಿಗೆ ಗಟ್ಟಿ ಕಾಲು ಬೇಕು, ಹಗುರ ಬ್ಯಾಗ್ ಬೇಕು, ಗಂಡಾಗಿರಬೇಕು. ನನ್ನ ಅಜ್ಜಿಗೆ ಆಗಲ್ಲ, ಕಂಕುಳಲ್ಲಿ ಮಗು ಇರೋರಿಗೆ ಆಗಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ನನ್ನ ಅಮ್ಮ ಈಗ ಯಾರ ಹತ್ತಿರವೂ ದುಡ್ಡು ಕೇಳದೆ ಹೊನ್ನಾವರಕ್ಕೆ ಹೋಗಿ ಬರ್ತಾಳೆ, ತುಂಬಾ ಒಳ್ಳೇದು. ಇನ್ನು ಬೇಕಾಗಿರೋದು ಜನ ಜಾಸ್ತಿ ಇರೋ ಹೊತ್ತಿಗೆ ಬಸ್ಸೂ ಜಾಸ್ತಿ.

"ಎಲ್ಲರೂ ಬೈಕ್ ತಗೊಳ್ತಾರೆ ಬಿಡು" ಅಂತ ರೂಮ್‌ಮೇಟ್ ಹೇಳ್ತಾನೆ. ಮಳೆಯಲ್ಲಿ, ಟ್ಯಾಂಕರ್‌ಗಳ ಮಧ್ಯೆ, ರಾತ್ರಿ 200 ಕಿಲೋಮೀಟರ್ ಬೈಕ್ ಓಡಿಸೋದನ್ನ ಪರಿಹಾರ ಅಂತ ನಾನು ಒಪ್ಪಲ್ಲ. ಲಿಫ್ಟ್‌ನಲ್ಲಿ ಸಿಗೋ ಮನುಷ್ಯ ಸಂಬಂಧ ಬಸ್ಸಲ್ಲಿ ಎಲ್ಲಿ ಸಿಗುತ್ತೆ ಅಂತ ಇನ್ನೊಬ್ಬ ಕೇಳಿದ. ನಿಜ, ಆ ಪಿಕಪ್‌ನವರನ್ನ ನಾನು ಮರೆಯಲ್ಲ. ಆದರೆ ಅವರ ಒಳ್ಳೇತನದ ಮೇಲೆ ನಮ್ಮ ಟೈಮ್‌ಟೇಬಲ್ ನಿಲ್ಲಬಾರದು.

ಟಿಪ್ಸ್ ಕೇಳಿದವನಿಗೆ ಇಷ್ಟು. ಬಸ್ಸು ಇರೋ ತನಕ ಬಸ್ಸಲ್ಲೇ ಹೋಗು. ಕತ್ತಲಾಗೋದ್ರೊಳಗೆ ಮುಟ್ಟೋ ಹಾಗಿದ್ರೆ ಮಾತ್ರ ಕೈ ಅಡ್ಡ ಹಿಡಿ (ನಾನು ಹಿಡಿಯಬಾರದಿತ್ತು). ಕೈಯಲ್ಲಿ ಒಂದು ಹೆಲ್ಮೆಟ್ ಇಟ್ಕೋ. ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ ಆಗಿದ್ದು 2016ರಲ್ಲೇ, ಅದನ್ನ ನೋಡಿದ್ರೆ ಬೈಕಿನವರು ಬೇಗ ನಿಲ್ಲಿಸ್ತಾರೆ. ಗಾಡಿ ನಂಬರ್ ಮನೆಗೆ ಕಳಿಸು. ಗ್ಯಾಸ್ ಟ್ಯಾಂಕರ್‌ಗೆ ಕೈ ಮಾಡಬೇಡ. ಡ್ರೈವರ್ ಬಾಯಿ ವಾಸನೆ ಬಂದ್ರೆ, "ಇಲ್ಲೇ ಮಾವನ ಮನೆ ಇದೆ" ಅಂತ ಇಳಿದುಬಿಡು.

ನಮ್ಮೆಲ್ಲರಿಗೆ ಒಂದು ಕೆಲಸ. ಭಟ್ಕಳ, ಹೊನ್ನಾವರ, ಕುಮಟಾ ಮತ್ತು ಅದರಾಚೆಯವರು ನಮ್ಮ ಕಾಲೇಜಲ್ಲಿ ಎಷ್ಟು ಜನ ಇದ್ದೀವಿ ಅಂತ ಯಾರಿಗೂ ಗೊತ್ತಿಲ್ಲ. ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದೀನಿ. ದೀಪಾವಳಿಗೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಊರಿಗೆ, ಅಷ್ಟೇ ಬರೀರಿ, ಹೆಸರು ಬೇಡ. ಭಟ್ಕಳದಿಂದ ಕುಮಟಾಕ್ಕೆ ಹಬ್ಬದ ಹಿಂದಿನ ಸಂಜೆ ಹೆಚ್ಚುವರಿ ಬಸ್ಸು ಬಿಡಿ ಅಂತ ಆ ಲೆಕ್ಕದ ಜೊತೆ ಅರ್ಜಿ ಕೊಡೋಣ. ಬರೀ "ಬಸ್ಸಿಲ್ಲ ಸಾರ್" ಅಂತ ಹೋಗಿ ನಿಲ್ಲೋದಕ್ಕಿಂತ "ಈ ದಿನ, ಈ ಹೊತ್ತಿಗೆ, ಇಷ್ಟು ಜನ" ಅಂತ ಹೋದರೆ ಕೇಳಿಸ್ಕೋತಾರೆ ಅಂತ ನನ್ನ ನಂಬಿಕೆ. ಬೈಕು, ಕಾರು ಇರೋರು ಅಲ್ಲಿ ತನಕ ಗೇಟ್ ಹತ್ತಿರ ಬ್ಯಾಗ್ ಹಿಡ್ಕೊಂಡು ನಿಂತವರಿಗೆ ಒಂದು ಸಲ ನಿಲ್ಲಿಸಿ ಕೇಳಿ.

ಅರ್ಜಿ ಕೆಲಸ ಮಾಡಿದರೆ ದೀಪಾವಳಿಗೆ ನಾನು ಭಟ್ಕಳದಿಂದ ಕುಮಟಾದ ತನಕ ಸೀಟಲ್ಲಿ ಕೂತು ನಿದ್ದೆ ಮಾಡ್ಕೊಂಡು ಹೋಗಿರ್ತೀನಿ. ಆ ಕತೆ ಕೇಳೋಕೆ ಮೆಸ್‌ನಲ್ಲಿ ಯಾರೂ ಬರಲ್ಲ. ಅಡ್ಡಿಲ್ಲ.