ಸ್ಟಾರ್ ಬೇಡ, ಕಾರಣ ಹೇಳಿ

ಸಿನಿಮಾ ವಿಮರ್ಶೆಗೆ ಡಿಗ್ರಿ ಬೇಕೇ? ಬೇಡ ಅನ್ನುತ್ತೇವೆ ನಾವು. (ನಮ್ಮ ಡಿಪ್ಲೊಮಾದಲ್ಲೂ ಅದನ್ನು ಯಾರೂ ಕಲಿಸಲಿಲ್ಲ.) ಸಿನಿಮಾ ಪೂರ್ತಿ ನೋಡಿರಬೇಕು, ಅಷ್ಟೆ. ಇಂಟರ್‌ವಲ್‌ನಲ್ಲೇ ಮೊಬೈಲ್ ಹಿಡಿದು 'ಬ್ಲಾಕ್‌ಬಸ್ಟರ್' ಅಂತ ಕಿರುಚುವವರು ವಿಮರ್ಶಕರಲ್ಲ, ಡಂಗುರ ಹೊಡೆಯುವವರು.

ಹಾಗಂತ ಪೇಪರಿನವರ ಮಾತೇ ಕೊನೆಯೇ? 'ತಿಥಿ' ನೆನಪಿಸಿಕೊಳ್ಳಿ. ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು, 2016ರಲ್ಲಿ ನಮ್ಮ ಥಿಯೇಟರಿಗೆ ಬಂತು. ಅದರಲ್ಲಿ ತಮ್ಮಣ್ಣ, ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿಗೇ ಮರಣಪತ್ರ ಮಾಡಿಸಿ ಜಮೀನು ಮಾರಲು ಹೊರಡುತ್ತಾನೆ. ಅದು ಬರೀ ತಮಾಷೆಯೋ, ನಡೆಯುವಂಥದ್ದೋ ಅಂತ ಹೇಳಬೇಕಾದವರು ಯಾರು? ಪೌತಿ ಖಾತೆಗೆ ಅಲೆದು ಚಪ್ಪಲಿ ಸವೆಸಿದವರು. ಅವರ ಮಾತು ಟೀ ಅಂಗಡಿ ದಾಟುವುದಿಲ್ಲ. ಬೆಂಗಳೂರಿನ ಪ್ರೆಸ್ ಶೋ ನೋಡಿದವರ ಮೂರೂವರೆ ಸ್ಟಾರ್ ಮಾತ್ರ ಊರೂರು ಸುತ್ತುತ್ತದೆ. ಆ ಅರ್ಧ ಸ್ಟಾರ್ ಯಾತಕ್ಕೋ, ಮಾದಪ್ಪನೇ ಬಲ್ಲ!

ಸಂಬಳಕ್ಕೆ ಬರೆಯುವವರೇ, ನೂರಾರು ಸಿನಿಮಾ ನೋಡಿದ ಕಣ್ಣು ನಿಮ್ಮದು. ಆ ಕಣ್ಣಿಗೆ ಕಂಡದ್ದನ್ನು ಬರೆಯಿರಿ. ಓದುಗ ಅಣ್ಣ-ಅಕ್ಕಂದಿರೇ, ಈ ವಾರ ಸಿನಿಮಾ ನೋಡಿದರೆ ವಾಟ್ಸಾಪ್‌ನಲ್ಲಿ 'ಸೂಪರ್' ಅಂದು ಸುಮ್ಮನಾಗಬೇಡಿ. ಯಾವ ಸೀನು, ಯಾಕೆ ಅಂತ ಎರಡು ಸಾಲು ಹಾಕಿ.