ಹಿತ್ತಲಿನ ಪಿಕಳಾರ

ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲು ಹೆಸರಾದ ಬಿಸಿಲು. ಚೈತ್ರ ಮುಗಿಯುವ ಮೊದಲೇ ಬಂಡೆಗುಡ್ಡಗಳು ಕಾದು ಕೆಂಡವಾಗುತ್ತವೆ. ನಡುಮಧ್ಯಾಹ್ನ ಓಣಿಯಲ್ಲಿ ನಾಯಿಯೂ ಸುಳಿಯದು. ಅಂಥ ಹೊತ್ತಿನಲ್ಲಿಯೂ ಹಿತ್ತಲಿನ ಲಿಂಬೆಯ ಗಿಡದಲ್ಲಿ ಒಂದು ಹಕ್ಕಿ ಉಲ್ಲಾಸದಿಂದ ಉಲಿಯುತ್ತಿರುತ್ತದೆ. ಕಪ್ಪು ತಲೆ, ಅದರ ಮೇಲೊಂದು ಗಿಡ್ಡ ಜುಟ್ಟು, ಹೊಗೆಬಣ್ಣದ ಮೈ, ಬಾಲದ ಬುಡದಡಿ ಕುಂಕುಮವಿಟ್ಟಂತೆ ಕೆಂಪು. ಇದೇ ಪಿಕಳಾರ. ಗಂಡು ಹೆಣ್ಣುಗಳಿಗೆ ವೇಷದಲ್ಲಿ ಭೇದವಿಲ್ಲ.

ಈ ಸೀಮೆಯಲ್ಲಿ 'ಬುಲ್‌ಬುಲ್' ಎಂದರೂ ತಿಳಿಯುತ್ತದೆ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನಾಡಿದು. ಶಾಲೆಯಲ್ಲಿ ಉರ್ದು ಕಲಿತ ತಲೆಮಾರಿನವರು ಗಜಲುಗಳ ಬುಲ್‌ಬುಲ್ ಇದೇ ಎಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಪಾರಸೀ ಕವಿಗಳ ಬುಲ್‌ಬುಲ್ ಬೇರೆ. ಅದು ಇಂಗ್ಲಿಷರ ನೈಟಿಂಗೇಲ್. ಅದು ಗುಲಾಬಿಗಾಗಿ ಹಂಬಲಿಸುತ್ತದೆಯಂತೆ. ಪಿಕಳಾರವೋ ಹೂವಿನ ಎಸಳುಗಳನ್ನು ಕಿತ್ತು ತಿಂದೇಬಿಡುತ್ತದೆ! ವಿಜ್ಞಾನಿಗಳೂ ಹೆಸರಿನಲ್ಲಿ ಎಡವಿದ್ದುಂಟು. 1766ರಲ್ಲಿ ಲಿನ್ನೇಯಸನು ಇದು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರದ ಹಕ್ಕಿಯೆಂಬ ತಪ್ಪು ತಿಳಿವಳಿಕೆಯಿಂದ 'ಕಾಫೆರ್' ಎಂದು ಕರೆದನು. ಆ ನೆಲವನ್ನು ಸಹಜವಾಗಿ ಎಂದೂ ಕಾಣದ ಈ ಹಕ್ಕಿಗೆ ಆ ಹೆಸರೇ ಇಂದಿಗೂ ಅಂಟಿಕೊಂಡಿದೆ.

ಹುಳುಹುಪ್ಪಟೆ, ಅರಳಿ ಆಲಗಳ ಹಣ್ಣು, ಲಂಟಾನದ ಕಾಯಿ, ಹೂವಿನ ಮಕರಂದ ಎಲ್ಲವೂ ಇದರ ಆಹಾರ. ಹಣ್ಣಿನ ಮೇಲಿನ ಈ ಒಲವು ಬರಿಯ ಚಪಲವಲ್ಲ. ಮನುಷ್ಯನ ಶರೀರದಂತೆಯೇ ಇದರ ಶರೀರವೂ 'ಸಿ' ಜೀವಸತ್ವವನ್ನು ತಾನಾಗಿ ತಯಾರಿಸಲಾರದೆಂದು ರಾಯ್ ಮತ್ತು ಗುಹಾ ಎಂಬ ವಿಜ್ಞಾನಿಗಳು 1958ರಲ್ಲಿ ಪ್ರಕಟಪಡಿಸಿದರು.

ಜಗಳದಲ್ಲಿಯೂ ಈ ಹಕ್ಕಿ ಹಿಂದೆ ಬಿದ್ದುದಲ್ಲ. ಇದನ್ನು ಸಾಕಿ ಕಾಳಗಕ್ಕೆ ಬಿಡುವ ಹುಚ್ಚು ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣದಲ್ಲಿಯೂ ಇತ್ತೆಂದು ಪಕ್ಷಿಶಾಸ್ತ್ರಜ್ಞ ಜರ್ಡನ್ ಬರೆದಿದ್ದಾನೆ. ಅಸ್ಸಾಮಿನ ಹಾಜೋದಲ್ಲಿ ಬಿಹು ಹಬ್ಬದ ನೆಪದಲ್ಲಿ ನಡೆಯುತ್ತಿದ್ದ ಇಂಥ ಕಾಳಗಕ್ಕೆ ಕೊಟ್ಟಿದ್ದ ಅನುಮತಿಯನ್ನು ಗುವಾಹಟಿಯ ಉಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪಿಕಳಾರವನ್ನು ಹಿಡಿದು ಪಂಜರದಲ್ಲಿಡುವುದೂ ಅಪರಾಧವೇ.

ಗೂಡಿನ ಸಂಗತಿ ಮನೆಯವರೆಲ್ಲ ತಿಳಿಯತಕ್ಕದ್ದು. ಮಾಘ ಕಳೆಯುತ್ತಲೇ ಜೋಡಿಯು ಲಿಂಬೆ, ದಾಳಿಂಬೆ, ಮಲ್ಲಿಗೆಯ ಪೊದೆಗಳನ್ನು ಪರೀಕ್ಷಿಸತೊಡಗುತ್ತದೆ. ಆಳೆತ್ತರಕ್ಕೂ ಮೀರದ ಕವಲಿನಲ್ಲಿ, ಸಣ್ಣ ಬೇರು ಕಡ್ಡಿಗಳನ್ನು ಜೇಡರ ಬಲೆಯಿಂದ ಬಿಗಿದ ಪುಟ್ಟ ಬಟ್ಟಲು ಸಿದ್ಧವಾಗುತ್ತದೆ. ಅದರಲ್ಲಿ ಎರಡೋ ಮೂರೋ ಮೊಟ್ಟೆ, ನಸುಗೆಂಪು ಬಿಳುಪಿನ ಮೇಲೆ ಕಡುಗೆಂಪು ಚುಕ್ಕೆ. ಸುಮಾರು ಹದಿನಾಲ್ಕು ದಿನ ಕಾವು. ಮರಿಗಳಿಗೆ ತಾಯಿತಂದೆಗಳಿಬ್ಬರೂ ಹುಳು ತಂದುಣಿಸುತ್ತಾರೆ. ಕಾಗೆ, ಕೆಂಬೂತ, ಬೆಕ್ಕು, ಓತಿಕೇತಗಳೆಲ್ಲಕ್ಕೂ ಈ ಬಟ್ಟಲಿನ ಮೇಲೆ ಕಣ್ಣು. ಅನೇಕ ಗೂಡುಗಳು ಒಂದು ಮರಿಯನ್ನೂ ಹಾರಿಸದೆ ಬರಿದಾಗುತ್ತವೆ.

ಇದೇ ಕಾಲಕ್ಕೆ ಯುಗಾದಿಯೂ ಬರುತ್ತದೆ. ಗೋಡೆಗೆ ಸುಣ್ಣ, ಹಿತ್ತಲಿನ ಗಿಡಗಳಿಗೆ ಕತ್ತರಿ! ಸವರಿದ ಕೊಂಬೆಯೊಡನೆ ಗೂಡೂ ಕಸದ ರಾಶಿ ಸೇರಿದ ಮೇಲೆ ಗೃಹಿಣಿ ಮರುಗಿ ಫಲವೇನು? ಕೊಡಲಿ ಹಿಡಿದವನಿಗೆ ಮೊದಲೇ ಪೊದೆಯನ್ನೊಮ್ಮೆ ಸರಿಸಿ ನೋಡಲು ಹೇಳಿದ್ದರೆ ಆಗುತ್ತಿತ್ತು. ಮರಿಗಳು ಗೂಡು ಬಿಡುವವರೆಗೆ ತಡೆದರೆ ಲಿಂಬೆಗೇನೂ ನಷ್ಟವಿಲ್ಲ.

ಇನ್ನೊಂದು ಪ್ರಮಾದವು ಕರುಣೆಯಿಂದಲೇ ಆಗುವಂಥದು. ಮರಿಗಳು ರೆಕ್ಕೆ ಪೂರ್ತಿ ಬಲಿಯುವ ಮುನ್ನವೇ ಗೂಡಿನಿಂದ ಇಳಿಯುತ್ತವೆ; ನೆಲದಲ್ಲಿ ಕುಪ್ಪಳಿಸುವ ಮರಿಯನ್ನು ಅನಾಥವೆಂದು ಬಗೆದು ಮಕ್ಕಳು ಬುಟ್ಟಿಯಲ್ಲಿಟ್ಟು ಹಾಲನ್ನ ತಿನ್ನಿಸುತ್ತಾರೆ. ಮರುದಿನ ಅದು ಬದುಕಿರುವುದು ಅಪರೂಪ. ವಾಸ್ತವವಾಗಿ ತಾಯಿತಂದೆ ಹತ್ತಿರದಲ್ಲಿಯೇ ಹುಳು ಕಚ್ಚಿಕೊಂಡು ಕಾಯುತ್ತಿರುತ್ತವೆ. ಮನುಷ್ಯರ ಕೈ ಸೋಕಿದರೆ ತಾಯಿ ಮರಿಯನ್ನು ತೊರೆಯುತ್ತದೆಂಬುದೂ ಸುಳ್ಳು. ಮರಿಯನ್ನೆತ್ತಿ ಪೊದೆಯ ಮೇಲಿಟ್ಟು, ಬೆಕ್ಕನ್ನು ಒಳಗೆ ಕೂಡಿ, ದೂರ ಸರಿದರೆ ಸಾಕು.

ಜ್ಯೇಷ್ಠದ ಹೊತ್ತಿಗೆ ಬೇವು ಹಣ್ಣಾಗುತ್ತದೆ. ಉಳಿದ ಮರಿಗಳು ಹಿರಿಯರ ಬೆನ್ನುಹತ್ತಿ ಅಲ್ಲಿಗೆ ಬರುತ್ತವೆ. ಜುಟ್ಟು ಇನ್ನೂ ಮೊಳೆತಿರುವುದಿಲ್ಲ, ಬಾಲದಡಿಯ ಕೆಂಪು ಇನ್ನೂ ಮಾಸಲು. ತಿಂದು ಉಗುಳಿದ ಬೀಜಗಳು ಅಂಗಳದ ಹಾಸುಗಲ್ಲಿನ ಮೇಲೆ ಪಟಪಟನೆ ಬೀಳುತ್ತಿರುತ್ತವೆ.