ಮುತ್ಯಾನ ಸ್ಕೂಟರು, ಇಟಲಿಯ ಕಣಜ

ವಾಡಿ, ಶಹಾಬಾದ, ಸೇಡಂಗಳ ಸಿಮೆಂಟ್ ಕಾರ್ಖಾನೆ ವಸತಿಗಳಲ್ಲಿ, ಚಿಂಚೋಳಿ ಕಡೆಯ ತೊಗರಿ ಬೆಳೆಯುವ ಊರುಗಳಲ್ಲಿ ಇಂದಿಗೂ ಕೆಲವು ಮನೆಗಳ ಹಿತ್ತಿಲಲ್ಲಿ ಹರಿದ ತಾಡಪತ್ರಿ ಹೊದ್ದುಕೊಂಡು ಒಂದು ಹಳೆಯ ಸ್ಕೂಟರು ನಿಂತಿರುತ್ತದೆ. ಗಾಳಿ ಇಲ್ಲದ ಗಾಲಿ, ಸೀಟಿನ ಕೆಳಗೆ ಇಲಿಯ ಗೂಡು, ಹ್ಯಾಂಡಲ್ಲಿನ ಮೇಲೆ ಒಣಗಲು ಹಾಕಿದ ಟವೆಲ್ಲು. ಮುತ್ಯಾ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಅಪ್ಪನಿಗೆ ಕೊಟ್ಟುಬಿಡೋಣ ಎಂಬ ಮನಸ್ಸು, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಅದನ್ನು ರಿಪೇರಿ ಮಾಡಿಸಿ ಓಡಿಸಬೇಕೆಂಬ ಆಸೆ. ಈ ಜಗಳದಲ್ಲಿ ಯಾರ ಮಾತು ಸರಿ ಎಂದು ತೀರ್ಮಾನಿಸುವ ಮುನ್ನ ಆ ಗಾಡಿಯ ಕುಲಗೋತ್ರವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಅದರ ತವರು ಇಟಲಿ. ಹಳೆಯ ಮೋಟರು ಸೈಕಲ್ಲುಗಳನ್ನು ದೇವರಂತೆ ಕಾಪಾಡುವ ಜನ ಆ ದೇಶದಲ್ಲಿ ಬಹಳ. ಕೋಮೊ ಸರೋವರದ ದಡದ ಮಂಡೆಲ್ಲೊ ಎಂಬ ಪುಟ್ಟ ಊರಿನಲ್ಲಿ 1921ರಿಂದಲೂ ಮೋಟೊ ಗುಝಿ ಬೈಕುಗಳು ತಯಾರಾಗುತ್ತಿವೆ. ಅವುಗಳ ಅಭಿಮಾನಿಗಳು ದೂರದೂರದ ದೇಶಗಳಿಂದ ಸವಾರಿ ಮಾಡಿಕೊಂಡು ಅಲ್ಲಿಗೆ ಬಂದು ಸೇರುತ್ತಾರೆ. ಬೊಲೊನ್ಯಾದ ಡುಕಾಟಿ 1926ರಲ್ಲಿ ಆರಂಭವಾದದ್ದು ರೇಡಿಯೋ ಬಿಡಿಭಾಗಗಳ ಕಾರ್ಖಾನೆಯಾಗಿ. ಯುದ್ಧದ ನಂತರ ಸೈಕಲ್ಲಿಗೆ ಜೋಡಿಸುವ ಪುಟ್ಟ ಎಂಜಿನ್ ಮಾಡಿ ಅದು ಮೋಟರು ಸೈಕಲ್ಲಿನ ದಾರಿ ಹಿಡಿಯಿತು. ಆ ದುಬಾರಿ ಬೈಕುಗಳು ಚಿಮ್ಮನಚೋಡದಂಥ ಊರಿನ ಮನೆ ಬಾಗಿಲಿಗೆ ಬಂದವಲ್ಲ. ಬಂದದ್ದು ಅವುಗಳ ಬಡ ತಮ್ಮ, ಸ್ಕೂಟರು.

ಎರಡನೆಯ ಮಹಾಯುದ್ಧ ಮುಗಿದಾಗ ಪೊಂಟೆಡೆರಾದಲ್ಲಿದ್ದ ಪಿಯಾಜಿಯೊ ಕಂಪನಿಯ ವಿಮಾನ ಕಾರ್ಖಾನೆ ಬಾಂಬುಗಳಿಂದ ಹಾಳಾಗಿತ್ತು. ವಿಮಾನ ಕೊಳ್ಳುವವರಿಲ್ಲ, ಜನರ ಬಳಿ ಕಾರಿಗೆ ಹಣವಿಲ್ಲ, ರಸ್ತೆಗಳೂ ನೆಟ್ಟಗಿಲ್ಲ. ಎನ್ರಿಕೊ ಪಿಯಾಜಿಯೊ ಅಗ್ಗದ ವಾಹನವೊಂದನ್ನು ಮಾಡುವ ಕೆಲಸವನ್ನು ಕೊರಾಡಿನೊ ಡಿ’ಅಸ್ಕಾನಿಯೊ ಎಂಬ ಎಂಜಿನಿಯರಿಗೆ ವಹಿಸಿದ. ಈತ ಹೆಲಿಕಾಪ್ಟರ್ ವಿನ್ಯಾಸದಲ್ಲಿ ಹೆಸರು ಮಾಡಿದವನು. ತಮಾಷೆಯೆಂದರೆ ಮೋಟರು ಸೈಕಲ್ಲೆಂದರೆ ಅವನಿಗೆ ಆಗುತ್ತಿರಲಿಲ್ಲ! ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಟೈರು ಪಂಕ್ಚರಾದರೆ ಬಿಚ್ಚುವುದು ಕಷ್ಟ, ಕಾಲೆತ್ತಿ ಹತ್ತಬೇಕು ಎಂಬುವು ಅವನ ದೂರುಗಳು. ಅವನ್ನೆಲ್ಲ ಒಂದೊಂದಾಗಿ ನಿವಾರಿಸುತ್ತ ಹೋದಾಗ ಹುಟ್ಟಿದ್ದೇ ವೆಸ್ಪಾ. ಚೈನು ಬೇಡವೆಂದು ಎಂಜಿನ್ನನ್ನು ಹಿಂದಿನ ಗಾಲಿಯ ಪಕ್ಕಕ್ಕೇ ಕೂರಿಸಿದ. ಮುಂದಿನ ಗಾಲಿಯನ್ನು ಎರಡು ಕಡೆ ಹಿಡಿಯುವ ಬದಲು ವಿಮಾನದ ಗಾಲಿಯಂತೆ ಒಂದೇ ತೋಳಿಗೆ ಸಿಕ್ಕಿಸಿದ. ಒಳಗೆ ಬೇರೆ ಚೌಕಟ್ಟಿಲ್ಲ. ಒತ್ತಿ ಬಗ್ಗಿಸಿದ ಉಕ್ಕಿನ ತಗಡಿನ ಮೈಯೇ ಭಾರ ಹೊರುತ್ತದೆ. ಇದೂ ವಿಮಾನದಿಂದ ಬಂದ ವಿದ್ಯೆಯೇ. ಸಣ್ಣ ಸೊಂಟ, ದಪ್ಪ ಹಿಂಭಾಗ, ಗುಂಯ್‌ಗುಡುವ ಸದ್ದು: ನೋಡಿದ ಒಡೆಯನಿಗೆ ಕಣಜದ ಹುಳ ಕಂಡಿತಂತೆ. ಇಟಲಿಯ ಭಾಷೆಯಲ್ಲಿ ಕಣಜಕ್ಕೆ ವೆಸ್ಪಾ ಎಂದೇ ಹೆಸರು. ಅದು 1946ರ ಮಾತು. ಮರುವರ್ಷವೇ ಮಿಲಾನಿನ ಲಂಬ್ರಾಟೆ ಬಡಾವಣೆಯಲ್ಲಿದ್ದ ಇನ್ನೊಚೆಂಟಿ ಕಾರ್ಖಾನೆ ಲಂಬ್ರೆಟಾ ಸ್ಕೂಟರನ್ನು ಪೈಪೋಟಿಗೆ ಇಳಿಸಿತು.

ಭಾರತಕ್ಕೆ ಈ ಎರಡೂ ಬಂದವು. ಮುಂಬಯಿಯ ಎ.ಪಿ.ಐ. ಕಂಪನಿ ಲಂಬ್ರೆಟಾ ಜೋಡಿಸಿತು. ಬಜಾಜ್ 1960ರಲ್ಲಿ ಪಿಯಾಜಿಯೊ ಜೊತೆ ಒಪ್ಪಂದ ಮಾಡಿಕೊಂಡು ವೆಸ್ಪಾ ತಯಾರಿಸಿತು. 1971ರಲ್ಲಿ ಒಪ್ಪಂದ ಮುಗಿದ ಮೇಲೆ ಅದೇ ವಿನ್ಯಾಸದ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು 1972ರಲ್ಲಿ ಚೇತಕ್ ಎಂದು ಮಾರಿತು. ಇಟಲಿಯಲ್ಲಿ ಲಂಬ್ರೆಟಾ ನಿಂತುಹೋದಾಗ ಅದರ ಯಂತ್ರಗಳನ್ನೂ ಹಕ್ಕನ್ನೂ ಭಾರತ ಸರಕಾರವೇ ಕೊಂಡು ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಸ್ಥಾಪಿಸಿತು. ವಿಜಯ್ ಸೂಪರ್ ಅಲ್ಲಿಯದು. ಅದರ ಎಂಜಿನ್ ತರಿಸಿ ಹೈದರಾಬಾದಿನ ಆಲ್ವಿನ್ ಕಂಪನಿ ಮಾಡಿದ ಪುಷ್ಪಕ್ ಸ್ಕೂಟರನ್ನು ಗಡಿಭಾಗದ ಹಿರಿಯರು ಮರೆತಿರಲಾರರು.

ಆ ಕಾಲದಲ್ಲಿ ಚೇತಕ್ ಬೇಕೆಂದರೆ ಹಣವಿದ್ದರೆ ಸಾಲದು, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಮಗ ಹುಟ್ಟಿದಾಗ ಬರೆಸಿದ ಗಾಡಿ ಅವನು ಶಾಲೆಗೆ ಸೇರಿದ ಮೇಲೆ ಬಂದದ್ದುಂಟು. ಎಷ್ಟೋ ಮದುವೆಗಳ ಮಾತುಕತೆ ಸ್ಕೂಟರಿನ ಮೇಲೆ ನಿಂತದ್ದೂ ಮುರಿದದ್ದೂ ಉಂಟು. ಈ ಗಾಡಿಯ ಚರಿತ್ರೆಯಲ್ಲಿ ಹೆಮ್ಮೆಪಡಲಾಗದ ಪುಟ ಅದು. ಹಾಗಾಗಿ ಹಿತ್ತಿಲಿನ ಆ ತುಕ್ಕು ಹಿಡಿದ ಗಾಡಿ ಒಂದು ಕುಟುಂಬದ ಕಾಯುವಿಕೆಯ ಫಲ. ಸೈಕಲ್ಲಿನಿಂದ ಮೇಲೇರಿದ ಮೊದಲ ಮೆಟ್ಟಿಲು.

ಇನ್ನು ರಿಪೇರಿಯ ವಿಚಾರ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಪ್ರಯೋಗಾಲಯ ಸಿಗಲಾರದು. ಚೇತಕ್ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 57 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 57 ಮಿ.ಮೀ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲದ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿ ನೋಡಿ: 145.45 ಘನ ಸೆಂ.ಮೀ. ಬರುತ್ತದೆ. ಕಾಗದಪತ್ರಗಳಲ್ಲಿ ಕಾಣುವ ಸಿ.ಸಿ. ಅದೇ. ಎರಡು ಹೊಡೆತದ ಈ ಎಂಜಿನ್ನಿಗೆ ಕವಾಟಗಳ ಕಾಟವಿಲ್ಲ, ಒಳಗೆ ಚಲಿಸುವ ಭಾಗಗಳು ಬೆರಳೆಣಿಕೆಯಷ್ಟು. ಆದರೆ ಕ್ರ್ಯಾಂಕಿಗೂ ಪಿಸ್ಟನ್ನಿಗೂ ಬೇರೆ ಎಣ್ಣೆ ಹೋಗುವ ದಾರಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ ಆಯಿಲೇ ಅವುಗಳ ಜೀವ. ಒಂದು ಲೀಟರಿಗೆ ಸುಮಾರು 20 ಮಿ.ಲೀ. ಹಾಕುವುದು ರೂಢಿ. ಕಡಿಮೆಯಾದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಸೈಲೆನ್ಸರು ತುಂಬುತ್ತದೆ.

ಬಹಳ ವರ್ಷ ನಿಂತ ಗಾಡಿಯನ್ನು ಉತ್ಸಾಹದಿಂದ ಕಿಕ್ ಹೊಡೆಯುವುದೇ ಮೊದಲ ಅಪಾಯ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು ಕೈಯಿಂದ ಮೆಲ್ಲಗೆ ಕಿಕ್ ಒತ್ತಿ ಪಿಸ್ಟನ್ ಸರಾಗವಾಗಿ ಚಲಿಸುತ್ತದೆಯೇ ನೋಡಬೇಕು. ಟ್ಯಾಂಕಿನ ಹಳೆಯ ಪೆಟ್ರೋಲು ಚೆಲ್ಲಿ ತುಕ್ಕು ತೊಳೆಯಬೇಕು. ಕಾರ್ಬುರೇಟರ್ ಬಿಚ್ಚಿ ಜೆಟ್ಟಿನ ಸೂಕ್ಷ್ಮ ರಂಧ್ರಗಳನ್ನು ಊದಬೇಕು. ತಂತಿ ತೂರಿಸಿ ದೊಡ್ಡದು ಮಾಡುವ ಮಿಸ್ತ್ರಿ ಸಿಕ್ಕಿದರೆ ಅವನಿಂದ ಗಾಡಿ ಕಿತ್ತುಕೊಂಡು ಬರುವುದೇ ಮೇಲು. ಪಾಯಿಂಟ್ ಉಜ್ಜಬೇಕು. ಕ್ರ್ಯಾಂಕಿನ ರಬ್ಬರು ಸೀಲುಗಳು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತವೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಪೆಟ್ಟಿಗೆಯ ಎಣ್ಣೆ ಎಂಜಿನ್ನಿಗೆ ನುಗ್ಗಿ ಇಟ್ಟಿಗೆ ಭಟ್ಟಿಯಂತೆ ಹೊಗೆ ಬರುತ್ತದೆ. ಪಿಸ್ಟನ್ ರಿಂಗು ಹೋಯಿತೆಂದು ಹೇಳಿ ಸಾವಿರಗಟ್ಟಲೆ ಖರ್ಚು ಮಾಡಿಸುವ ಮೊದಲು ಈ ಸೀಲನ್ನು ನೋಡಿಸಬೇಕು. ಟೈರಿನ ಪಟ್ಟೆ ಎಷ್ಟೇ ಚೆನ್ನಾಗಿರಲಿ, ಬದಿಯಲ್ಲಿ ಬಿರುಕಿದ್ದರೆ ಬದಲಿಸಲೇಬೇಕು. ಗೇರಿನ ಎರಡು ಕೇಬಲ್ಲು, ಕ್ಲಚ್ಚಿನ ಒಂದು, ಮುಂದಿನ ಬ್ರೇಕಿನ ಒಂದು ಹೊಸದಾಗಿ ಹಾಕಿದರೆ ಅರ್ಧ ಕಾಯಿಲೆ ವಾಸಿ.

ಸಿಮೆಂಟು ನಾಡಿನಲ್ಲಿ ಇನ್ನೊಂದು ಶತ್ರು ಇದೆ. ಸುಣ್ಣಕಲ್ಲಿನ ಸಣ್ಣ ಧೂಳು ಗಾಳಿಯ ಜಾಲರಿಯಲ್ಲಿ ಕೂತು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಒಳಗೆ ಹೋದರೆ ಸಿಲಿಂಡರನ್ನು ಸಾಣೆಯಂತೆ ಸವೆಸುತ್ತದೆ. ಜಾಲರಿ ಕಿತ್ತುಹಾಕಿ ಓಡಿಸುವ ಚಾಳಿ ಅಲ್ಲಿಗೆ ಸಲ್ಲದು. ಜೊತೆಗೆ ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲ್ ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿ ಇದ್ದಷ್ಟು ಉರಿದು ಎಂಜಿನ್ ತಾನೇ ಆರುವವರೆಗೆ ಬಿಡುವುದು ಜಾಣತನ.

ಹೊಗೆಯ ಮಾತನ್ನು ಮುಚ್ಚಿಡಬಾರದು. ಇಂಥ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವಾಗ ಹೊಗೆ ಹೋಗುವ ಬಾಗಿಲೂ ತೆರೆದಿರುವುದರಿಂದ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ವಾಯುಮಾಲಿನ್ಯದ ನಿಯಮಗಳು ಬಿಗಿಯಾದಂತೆ ಇವು ಹಿಂದೆ ಸರಿದದ್ದು ನ್ಯಾಯವೇ. ದಿನಾ ಕಾಲೇಜಿಗೆ ಹೋಗಿಬರಲು ಈ ಗಾಡಿ ತಕ್ಕದ್ದಲ್ಲ. ತಿಂಗಳಿಗೊಮ್ಮೆ ಭಾನುವಾರ ಹೊರತೆಗೆಯಲು ತಕ್ಕದ್ದು.

ನಿಜವಾದ ತೊಡಕು ಇರುವುದು ನಟ್ಟು ಬೋಲ್ಟುಗಳಲ್ಲಲ್ಲ, ಕಾಗದಗಳಲ್ಲಿ. ಹದಿನೈದು ವರ್ಷ ತುಂಬಿದ ಗಾಡಿಯನ್ನು ಗುಜರಿಗೆ ಹಾಕಲೇಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ದಿಲ್ಲಿ ಸುತ್ತಮುತ್ತ ವಯಸ್ಸಿನ ಮೇಲೆ ನಿರ್ಬಂಧ ಹೇರಿದ ಸುದ್ದಿ ಕೇಳಿ ಹುಟ್ಟಿದ ಭಯವಿದು. ಕರ್ನಾಟಕದಲ್ಲಿ ಹದಿನೈದು ವರ್ಷದ ನಂತರ ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ದ್ವಿಚಕ್ರ ವಾಹನದ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 2,000 ಆಯಿತು. ಗುಜರಿಯವನು ಕೊಡುವ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿದ ಅಪ್ಪನಿಗೆ ಸಿಟ್ಟು ಬಂದರೆ ಅಚ್ಚರಿಯಿಲ್ಲ.

ಅದಕ್ಕಿಂತ ಕಠಿಣವಾದದ್ದು ಮಾಲೀಕನ ಹೆಸರು. ಆರ್.ಸಿ. ಇನ್ನೂ ಮುತ್ಯಾನ ಹೆಸರಿನಲ್ಲೇ ಇರುತ್ತದೆ. ಮಾಲೀಕ ತೀರಿಕೊಂಡ 30 ದಿನದೊಳಗೆ ವಾರಸುದಾರರು ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಹಾಕಿ ಹೆಸರು ಬದಲಿಸಿಕೊಳ್ಳಬೇಕು ಎಂಬುದು ನಿಯಮ. ದುಃಖದ ಮನೆಯಲ್ಲಿ ಸ್ಕೂಟರಿನ ನೆನಪು ಯಾರಿಗೆ ಬರುತ್ತದೆ? ತಡವಾಗಿದ್ದರೂ ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಪತ್ರಗಳನ್ನು ಹಿಡಿದು ಹೋಗುವುದೇ ದಾರಿ. ಇಬ್ಬರು ಮೂವರು ಅಣ್ಣತಮ್ಮಂದಿರಿದ್ದರೆ, ಹೊಲದ ಪಾಲಿನ ಮನಸ್ತಾಪ ಈ ಗಾಡಿಯ ಸಹಿಗೂ ಅಡ್ಡ ಬರುವುದುಂಟು. ಬಾಯಿಮಾತಿನಲ್ಲಿ ಕೈಬದಲಾದ ಗಾಡಿ ಅಪಘಾತ ಮಾಡಿದರೆ, ವಿಮೆಯೂ ಇಲ್ಲದಿದ್ದರೆ, ಪರಿಹಾರದ ಹೊರೆ ಇಡೀ ಮನೆಯ ಮೇಲೆ ಬೀಳುತ್ತದೆ. ಆದ್ದರಿಂದ ಹೆಸರು ಬದಲಾಗಿ, ವಿಮೆ ಮಾಡಿಸಿದ ಮೇಲೆಯೇ ಗಾಡಿ ಮನೆಯ ಗೇಟು ದಾಟಲಿ.

ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರ ಬೇರೆಯೇ ‘ವಿಂಟೇಜ್’ ನೋಂದಣಿ ತಂದಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಗಳಿಗೆ ಬಿಟ್ಟರೆ ದಿನಬಳಕೆಗೆ ಓಡಿಸುವಂತಿಲ್ಲ. ಚೇತಕ್ ಹುಟ್ಟಿದ್ದೇ 1972ರಲ್ಲಿ. 1990ರ ಗಾಡಿ ಈ ಗೌರವಕ್ಕಾಗಿ 2040ರವರೆಗೆ ಕಾಯಬೇಕು.

ಹೆತ್ತವರು ಇನ್ನೊಂದು ವಿಷಯದಲ್ಲಿ ಮೃದುವಾಗಬಾರದು. ಗೇರಿನ ಸ್ಕೂಟರಿಗೆ 18 ವರ್ಷ ತುಂಬಿ ಲೈಸೆನ್ಸ್ ಬೇಕೇ ಬೇಕು. ಹತ್ತನೇ ತರಗತಿಯ ಹುಡುಗ ಊರೊಳಗೆ ತಾನೇ ಓಡಿಸುತ್ತಾನೆ ಎಂದು ಬಿಟ್ಟರೆ, 2019ರ ತಿದ್ದುಪಡಿಯ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸಿಲ್ಲ. ಓಡಿಸುವ ವಯಸ್ಸು ಬರುವವರೆಗೆ ಬಿಚ್ಚಿ ಜೋಡಿಸಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಗಾಡಿ ಸಜ್ಜಾದ ಮೇಲೆ ಒಂಟಿಯಾಗಿ ಹೋಗುವುದಕ್ಕಿಂತ ನಾಲ್ಕಾರು ಗಾಡಿಗಳು ಸೇರಿ ಹೋಗುವುದು ಚೆಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದರ ಜಾವಾ, ಯೆಜ್ಡಿ ಬೈಕುಗಳ ಅಭಿಮಾನಿಗಳು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಸೇರುತ್ತಾರೆ. ಆ ಬೈಕುಗಳ ಮೂಲ ಇಟಲಿಯಲ್ಲ, ಚೆಕ್ ನಾಡು. ಆದರೆ ಸಿಗದ ಬಿಡಿಭಾಗವನ್ನು ಒಬ್ಬರಿಗೊಬ್ಬರು ಹುಡುಕಿಕೊಡುವ ಅವರ ಪದ್ಧತಿ ಕಲಿಯುವಂಥದ್ದು. ಕಂಪನಿ ಇಲ್ಲದ ಗಾಡಿಯನ್ನು ಉಳಿಸಿದ್ದು ಆ ಸ್ನೇಹವೇ.

ಚಿಮ್ಮನಚೋಡದಿಂದ ಬೆಳಿಗ್ಗೆ ಹೊರಟರೆ ಒಂದು ದಿನದ ಒಳ್ಳೆಯ ಸುತ್ತಾಟ ಆಗುತ್ತದೆ. ಚಿಂಚೋಳಿ, ಅಲ್ಲಿಂದ ಸೇಡಂ, ಮುಂದೆ ಕಾಗಿಣಾ ದಡದ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕವಿರಾಜಮಾರ್ಗವನ್ನು ಪರೀಕ್ಷೆಗಾಗಿ ಓದಿದವರು ಅಮೋಘವರ್ಷನ ರಾಜಧಾನಿಯ ಕೋಟೆಯ ನೆರಳಲ್ಲಿ ಬುತ್ತಿ ಬಿಚ್ಚಬಹುದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹಿಂದೆ ಘಟಿಕಾಸ್ಥಾನವಿತ್ತು, ಅಂದರೆ ಅಂದಿನ ಕಾಲದ ಉನ್ನತ ವಿದ್ಯಾಕೇಂದ್ರ. ಅದನ್ನು ನೋಡಿ ವಾಡಿಗೆ ಬಂದರೆ 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿಗೆ ಕವಲೊಡೆದ ಜಂಕ್ಷನ್ನು. ಕೊನೆಗೆ, ಮನೆಮನೆಯ ನೆಲಕ್ಕೆ ಹಾಸುಗಲ್ಲು ಕೊಟ್ಟ ಶಹಾಬಾದ.

ನಿಧಾನ ಗಾಡಿಯ ವೇಗವೇ ಎಲ್ಲರ ವೇಗವಾಗಬೇಕು. ಇಳಿಜಾರಿನಲ್ಲಿ ಗೇರಿನಲ್ಲಿಯೇ ಇಟ್ಟು ಎಕ್ಸಿಲೇಟರ್ ಪೂರ್ತಿ ಮುಚ್ಚಿ ಬಹಳ ದೂರ ಇಳಿಯಬಾರದು. ಪೆಟ್ರೋಲು ಬರದಿದ್ದರೆ ಎಣ್ಣೆಯೂ ಬಾರದು, ಪಿಸ್ಟನ್ ಒಣಗುತ್ತದೆ. ನಡುನಡುವೆ ಒಮ್ಮೆ ತಿರುವಿಬಿಡಬೇಕು. ಹೆಲ್ಮೆಟ್ ಹಿಂದೆ ಕೂತವರಿಗೂ ಇರಲಿ. ಚೀಲದಲ್ಲಿ ಒಂದು ಹೊಸ ಪ್ಲಗ್, ಪ್ಲಗ್ ಪಾನಾ, ಕ್ಲಚ್ ಮತ್ತು ಗೇರಿನ ಕೇಬಲ್ಲು, ಟೂಟಿ ಆಯಿಲ್ ಬಾಟಲಿ, ಒಂದು ಹಳೆಯ ಬಟ್ಟೆ ಸಾಕು. ಪಂಕ್ಚರಾದರೆ ಸ್ಟೆಪ್ನಿ ಗಾಡಿಯಲ್ಲೇ ಇದೆ. ನಾಲ್ಕೈದು ನಟ್ಟು ಬಿಚ್ಚಿ ಗಾಲಿ ಬದಲಿಸಲು ಕಾಲು ಗಂಟೆ ಬೇಡ. ಮೋಟರು ಸೈಕಲ್ ಕಂಡರಾಗದ ಆ ಎಂಜಿನಿಯರ್ ಅದಕ್ಕೆಂದೇ ಗಾಲಿಯನ್ನು ಒಂದೇ ಕಡೆ ಹಿಡಿಸಿದ್ದು.